ಇಲಿಗಳ ಕಣ್ಣು ನೋಡುವ ಕೆಲಸ

ಗಂಡ, ಗೆಳತಿಯರು, ಅಕ್ಕಪಕ್ಕದವರು ಎಲ್ಲರೂ ಸಾಫ್ಟ್‌ವೇರ್‌ನಲ್ಲಿದ್ದು ನೀವೊಬ್ಬರೇ ಇಲಿಗಳ ಕಣ್ಣು ನೋಡುವ ಕೆಲಸದಲ್ಲಿದ್ದರೆ, ತಿಂಗಳಿಗೊಂದಾದರೂ ತಮಾಷೆಯ ಪ್ರಸಂಗ ಆಗದೆ ಇರುವುದಿಲ್ಲ. ನಾನು ಮೈಸೂರಿನವಳು. ಸಿಯಾಟಲ್‌ನ ಒಂದು ಕಣ್ಣಿನ ಸಂಶೋಧನಾ ಲ್ಯಾಬಿನಲ್ಲಿ ಏಳು ವರ್ಷ ಕೆಲಸ ಮಾಡಿದೆ. ಅಮ್ಮನ ಫೋನಿಗೆ ವಾಟ್ಸಾಪ್ ಆಗತಾನೆ ಬಂದಿದ್ದ ಕಾಲ ಅದು.

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎಂಬ ಪರದೆ ಇದೆಯಲ್ಲ, ಕೆಲವರಿಗೆ ಹುಟ್ಟಿನಿಂದಲೇ ಬಂದ ದೋಷದಿಂದ ಅದು ಸವೆಯುತ್ತಾ ಹೋಗುತ್ತದೆ. ಸತ್ತ ಜೀವಕೋಶಗಳನ್ನು ಗುಡಿಸಲು ಬರುವ ಕಾವಲು ಕೋಶಗಳು ಹುರುಪಿನಲ್ಲಿ ಬದುಕಿರುವವುಗಳನ್ನೂ ನುಂಗಿಬಿಡುತ್ತವೆ. ಈ ಹಾವಳಿಯನ್ನು, ಅಂದರೆ ಉರಿಯೂತವನ್ನು, ತಗ್ಗಿಸುವ ಔಷಧಿ ಕೊಟ್ಟರೆ ದೃಷ್ಟಿ ಇನ್ನಷ್ಟು ದಿನ ಉಳಿದೀತೇ ಎಂದು ನಾವು ಇಲಿಗಳಲ್ಲಿ ನೋಡುತ್ತಿದ್ದೆವು. ನನಗೆ ಆ ಕೆಲಸದ ಬಗ್ಗೆ ತುಂಬಾ ಹೆಮ್ಮೆ. ಬೇರೆಯವರಿಗೆ ಅದು ಅರ್ಥವಾಗಲು ಸ್ವಲ್ಪ ತಡವಾಗುತ್ತಿತ್ತು, ಅಷ್ಟೇ.

ಎರಡು ವರ್ಷ ತಡ್ಕೊಳ್ಳಿ

ಸಿಯಾಟಲ್ ಪಕ್ಕದ ರೆಡ್ಮಂಡ್‌ನ ಎಜುಕೇಶನ್ ಹಿಲ್‌ನಲ್ಲಿ ಪರಿಚಯದವರ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಪಾಟ್‌ಲಕ್ ಊಟ. ಬಿಸಿಬೇಳೆಬಾತ್ ತಟ್ಟೆ ಹಿಡಿದು ನಿಂತಿದ್ದವರೊಬ್ಬರು, "ನೀವು ಯಾವ ಟೀಮು?" ಎಂದು ಕೇಳಿದರು. ಇಲಿಗಳ ಕಣ್ಣು ಟೆಸ್ಟ್ ಮಾಡ್ತೀನಿ ಅಂದೆ.

"ಹೇಗೆ? ಅಕ್ಷರ ಓದಿಸ್ತೀರಾ?"

"ಇಲ್ಲ. ಒಂದು ಸಣ್ಣ ಪೀಠದ ಮೇಲೆ ಇಲೀನ ನಿಲ್ಲಿಸಿ, ಸುತ್ತ ಸ್ಕ್ರೀನ್‌ನಲ್ಲಿ ಕಪ್ಪು ಬಿಳಿ ಪಟ್ಟೆ ತಿರುಗಿಸ್ತೀವಿ. ಪಟ್ಟೆ ಕಂಡ್ರೆ ಅದರ ಜೊತೇಲೇ ತಲೆ ತಿರುಗಿಸುತ್ತೆ. ಕಾಣ್ದೇ ಇದ್ರೆ ಸುಮ್ನಿರುತ್ತೆ. ಎಷ್ಟು ಸಲ ತಿರುಗಿಸ್ತು ಅಂತ ನಾನು ಬರ್ಕೋತೀನಿ."

"ಆಟೊಮೇಷನ್ ಇಲ್ವಾ?"

"ನಮ್ಮಲ್ಲಿಲ್ಲ. ಕೂತು ಕಣ್ಣಲ್ಲೇ ನೋಡ್ಬೇಕು."

ಅವರ ಮುಖ ಮೃದುವಾಯಿತು. ತಟ್ಟೆ ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದರು: "ಬೇಜಾರ್ ಮಾಡ್ಕೋಬೇಡಿ. ನಾನೂ ಸಾಫ್ಟ್‌ವೇರ್‌ನಲ್ಲಿ ಮ್ಯಾನ್ಯುವಲ್ ಟೆಸ್ಟಿಂಗ್‌ನಿಂದಾನೇ ಶುರು ಮಾಡಿದ್ದು. ಎರಡು ವರ್ಷ ತಡ್ಕೊಳ್ಳಿ."

ಕೆಂಪು ಶಾಯಿ

ಇನ್ನೊಂದು ಪರೀಕ್ಷೆ ನಡೆಯುವುದು ಕತ್ತಲೆ ಕೋಣೆಯಲ್ಲಿ, ಮಂಕಾದ ಕೆಂಪು ದೀಪದಲ್ಲಿ. ಯಾವ ಇಲಿಗೆ ಔಷಧಿ ಕೊಟ್ಟಿದೆ, ಯಾವುದಕ್ಕೆ ಬರೀ ಉಪ್ಪುನೀರು ಎನ್ನುವುದು ಅಳೆಯುವವರಿಗೆ ಗೊತ್ತಿರಬಾರದು. ಅದಕ್ಕೇ ಪಂಜರದ ಕಾರ್ಡಿನ ಮೇಲೆ ನಂಬರ್ ಮಾತ್ರ ಇರುತ್ತದೆ.

ನಾನಾಗ ಕೆಲಸಕ್ಕೆ ಸೇರಿದ ಹೊಸತು. ಚೆನ್ನಾಗಿ ಕಾಣಲಿ ಎಂದು ನಂಬರುಗಳನ್ನೆಲ್ಲ ಕೆಂಪು ಪೆನ್ನಿನಲ್ಲಿ ದುಂಡಗೆ ಬರೆದೆ. ಕೆಂಪು ದೀಪದಲ್ಲಿ ಕೆಂಪು ಶಾಯಿ ಕಾಣುವುದಿಲ್ಲ ಎಂದು ತಿಳಿದದ್ದು ಒಳಗೆ ಹೋದ ಮೇಲೆ. ಹನ್ನೆರಡು ಪಂಜರ, ಹನ್ನೆರಡು ಖಾಲಿ ಕಾರ್ಡು. ಒಂದೊಂದನ್ನೇ ಕಾರಿಡಾರಿಗೆ ಒಯ್ದು, ಕಪ್ಪು ಪೆನ್ನಿನಲ್ಲಿ ತಿದ್ದಿ, ಅದೇ ಪಂಜರಕ್ಕೆ ವಾಪಸ್ ಸಿಕ್ಕಿಸುವಷ್ಟರಲ್ಲಿ ಅರ್ಧ ಬೆಳಗು ಕಳೆದಿತ್ತು.

ನಮ್ಮ ಪ್ರೊಫೆಸರ್ ಬಿಳಿಗೂದಲಿನ, ಸುಲಭಕ್ಕೆ ನಗದ ಮನುಷ್ಯ. ಬಾಗಿಲ ಬಳಿ ನಿಂತು ನನ್ನ ಓಡಾಟವನ್ನೆಲ್ಲ ನೋಡಿದರು. ಆಮೇಲೆ ಶಾಂತವಾಗಿ ಹೇಳಿದರು: "ಔಷಧಿ ಯಾವುದಕ್ಕೆ ಅಂತ ನಿನಗೆ ಗೊತ್ತಾಗಬಾರದು ಅಂದಿದ್ದೆ. ಇಲಿ ಯಾವುದು ಅಂತ ಯಾರಿಗೂ ಗೊತ್ತಾಗಬಾರದು ಅಂದಿರಲಿಲ್ಲ."

ಬೆನ್ನುನೋವಿನ ಮಾತ್ರೆ

ನಮ್ಮ ಎದುರುಮನೆಯವರು ಬೆಂಗಳೂರಿನವರು. ಒಂದು ಭಾನುವಾರ ಕಾಫಿಗೆ ಬಂದವರು ಕೇಳಿದರು: "ಉರಿಯೂತ ತಗ್ಸೋದು ಅಂದ್ರೆ ನಾನು ಬೆನ್ನುನೋವಿಗೆ ತಗೊಳ್ಳೋ ಮಾತ್ರೆ ತಾನೇ?"

"ಅಲ್ಲ ಸರ್, ಇದು ಬೇರೆ ಥರದ್ದು. ಅದೂ ಇಲಿಗಳಲ್ಲಿ ಮಾತ್ರ ನೋಡ್ತಿದೀವಿ. ಕಣ್ಣಿಗೆ ಒಳ್ಳೇದು ಅಂತ ದಯವಿಟ್ಟು ಏನೂ ನುಂಗ್ಬೇಡಿ."

"ನುಂಗಿ ಆಗಿದೆಯಲ್ಲ ಮೇಡಂ, ಎಷ್ಟೋ ವರ್ಷದಿಂದ. ನೋಡಿ, ಐವತ್ತು ದಾಟಿದ್ರೂ ಕನ್ನಡಕ ಬಂದಿಲ್ಲ. ನಿಮ್ಮ ಲ್ಯಾಬಿನವರಿಗೆ ಹೇಳಿ, ಬೇಕಾದ್ರೆ ನನ್ನನ್ನೇ ಟೆಸ್ಟ್ ಮಾಡ್ಲಿ."

ನಾನು ವಾದಿಸಲು ಹೋಗಲಿಲ್ಲ. ಅವರು ಕಾಫಿ ಮುಗಿಸಿ ಖುಷಿಯಾಗಿ ಹೊರಟರು. ಹೊರಗೆ ಬಂದು ನೋಡಿದರೆ ಅವರದೊಂದು ಕಪ್ಪು ಶೂ, ನನ್ನ ಗಂಡನದೊಂದು ಕಂದು ಶೂ ಜೋಡಿಯಾಗಿ ಉಳಿದಿದ್ದವು.

ಅಮ್ಮ ಕಳಿಸಿದ ಸುದ್ದಿ

ಔಷಧಿ ಯಾವ ಇಲಿಗೆ ಎನ್ನುವ ಗುಟ್ಟಿನ ಪಟ್ಟಿಯನ್ನು ತೆರೆಯುವ ದಿನ ಕೊನೆಗೂ ಬಂತು. ತಿಂಗಳುಗಟ್ಟಲೆ ನಾನು ಬರೆದಿಟ್ಟ ಅಂಕೆಗಳ ಪಕ್ಕಕ್ಕೆ ಪ್ರೊಫೆಸರ್ ಆ ಪಟ್ಟಿ ಇಟ್ಟರು. ಹೆಚ್ಚು ಸಲ ತಲೆ ತಿರುಗಿಸಿದ್ದ ಇಲಿಗಳಲ್ಲಿ ಬಹುಪಾಲು ಔಷಧಿ ಪಡೆದವೇ. ಪ್ರೊಫೆಸರ್ ನನಗೆ ಕುರ್ಚಿ ಎಳೆದು ಕೊಟ್ಟರು. ಅವರ ಲೆಕ್ಕದಲ್ಲಿ ಅದು ಸನ್ಮಾನ.

ಮನೆಗೆ ಬಂದು ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಹತ್ತೇ ನಿಮಿಷದಲ್ಲಿ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಅಮ್ಮನ ಸಂದೇಶ: "ನನ್ನ ಮಗಳು ಕುರುಡು ಇಲಿಗೆ ಕಣ್ಣು ಬರಿಸಿದಳು."

ತಕ್ಷಣ ಮತ್ತೆ ಫೋನ್ ಮಾಡಿದೆ. "ಅಮ್ಮಾ, ಕಣ್ಣು ಬರಿಸಿಲ್ಲ. ಹೋಗ್ತಿದ್ದ ದೃಷ್ಟಿ ಸ್ವಲ್ಪ ನಿಧಾನವಾಗಿ ಹೋಗೋ ಹಾಗೆ ಆಗಿದೆ, ಅದೂ ಇಲಿಗಳಲ್ಲಿ. ಮನುಷ್ಯರಲ್ಲಿ ಇನ್ನೂ ನೋಡ್ಬೇಕು."

"ಗೊತ್ತು ಕಣೇ," ಅಂದರು ಅಮ್ಮ, "ಆದ್ರೆ ಅಷ್ಟುದ್ದ ಟೈಪ್ ಮಾಡೋಕೆ ನಂಗೆಲ್ಲಿ ಬರುತ್ತೆ?"

ಡ್ರಾಯಿಂಗ್ ಮೇಷ್ಟ್ರ ದೂರು

ವರ್ಷಕ್ಕೊಮ್ಮೆ ಲ್ಯಾಬಿಗೆ ರೋಗಿಗಳನ್ನೂ ಅವರ ಮನೆಯವರನ್ನೂ ಕರೆದು ಕೆಲಸ ತೋರಿಸುತ್ತಿದ್ದೆವು. ಒಮ್ಮೆ ಪಕ್ಕದ ಊರು ರೆಂಟನ್‌ನಿಂದ ಒಬ್ಬ ಮಹಿಳೆ ತಂದೆಯನ್ನು ಕರೆತಂದರು. ಮೈಸೂರಿನ ಮುಸ್ಲಿಂ ಕುಟುಂಬ. ತಂದೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಈಗ ಸುತ್ತಲಿನ ದೃಷ್ಟಿಯೆಲ್ಲ ಹೋಗಿ, ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಒಂದಿಷ್ಟು ಮಸುಕಾಗಿ ಉಳಿದಿತ್ತು. ನಾನೂ ಮೈಸೂರಿನವಳೇ ಎಂದು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಮಗಳ ಕೈ ಬಿಟ್ಟು ನನ್ನ ಕೈ ಹಿಡಿದುಕೊಂಡರು.

"ಇಲಿ ತಲೆ ಹೇಗೆ ತಿರುಗಿಸುತ್ತಮ್ಮ?"

ಅದನ್ನು ಗುರುತಿಸುವುದು ಒಳ್ಳೆಯ ಕಣ್ಣಿಗೇ ಕಷ್ಟ. ಅವರ ಅಂಗೈಯನ್ನು ನನ್ನ ನೆತ್ತಿಯ ಮೇಲಿಟ್ಟುಕೊಂಡು ನಿಧಾನವಾಗಿ ತಲೆ ತಿರುಗಿಸಿದೆ.

"ಔಷಧಿ ಕೊಡ್ದೇ ಇರೋ ಇಲಿ?"

ಅಲ್ಲಾಡದೆ ನಿಂತೆ. ಅವರ ಕೈ ಬಹಳ ಹೊತ್ತು ಕಾಯಿತು.

"ಇದು ನನಗೆ ಸಿಗುತ್ತಾ?"

"ಗೊತ್ತಿಲ್ಲ ಮೇಷ್ಟ್ರೇ. ಮನುಷ್ಯರ ತನಕ ಬರೋಕೆ ಇನ್ನೂ ವರ್ಷಗಳಾಗ್ಬಹುದು. ಬರ್ದೇನೂ ಇರ್ಬಹುದು."

"ನಿಜ ಹೇಳಿದ್ಯಲ್ಲ, ಸಾಕು. ನಮ್ಮೂರಿನ ಹುಡುಗಿ ಇಂಥ ಕೆಲಸದಲ್ಲಿದಾಳೆ ಅಂತ ಎಲ್ರಿಗೂ ಹೇಳ್ತೀನಿ." ನನ್ನ ನೆತ್ತಿಯಿಂದ ಕೈ ತೆಗೆದು ಮುಂದುವರಿಸಿದರು: "ಆದ್ರೆ ಒಂದು ದೂರಿದೆ ಕಣಮ್ಮ. ಅಷ್ಟು ಕಷ್ಟಪಟ್ಟು ಕಣ್ಣು ಉಳಿಸಿ, ಪಾಪ ಆ ಇಲಿಗೆ ನೋಡೋಕೆ ಬರೀ ಪಟ್ಟೆನಾ? ಈ ಊರಲ್ಲಿ ದೊಡ್ಡ ಹಿಮದ ಬೆಟ್ಟ ಇದೆಯಂತಲ್ಲ. ಕಿಟಕಿ ಹತ್ರ ನಿಲ್ಲಿಸಿ ಅದನ್ನ ತೋರ್ಸಿ."

ಪ್ರೊಫೆಸರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಗಲಿಲ್ಲ. ಕಿಟಕಿಯಾಚೆ, ಎಂದಿನಂತೆ ಬೂದು ಮುಸುಕಿದ್ದ ಆಕಾಶದತ್ತ ಕಣ್ಣು ಹಾಯಿಸಿ, ಮೇಷ್ಟ್ರ ಕಡೆ ತಿರುಗಿದರು.

"ಸಲಹೆ ಚೆನ್ನಾಗಿದೆ. ಆದರೆ ಸಿಯಾಟಲ್‌ನಲ್ಲಿ ನಡೆಯೋದಿಲ್ಲ. ಇಲಿ ತಲೆ ತಿರುಗಿಸದೆ ಇದ್ದರೆ, ಔಷಧಿ ಕೆಲಸ ಮಾಡಲಿಲ್ಲ ಅಂತ ಬರೆಯೋದೋ, ಆವತ್ತು ಮೋಡ ಇತ್ತು ಅಂತ ಬರೆಯೋದೋ?"