ಹನ್ನೊಂದೂಕಾಲು ಅಡಿಯ ಇತಿಹಾಸ

ನನಗೂ ಅಳತೆಗೂ ಆಗಿಬರುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಅರವತ್ತು ವರ್ಷ ಬೇಕಾಯಿತು. ನನ್ನ ಹೆಂಡತಿ ಸುಮಿತ್ರಾಗೆ ಮದುವೆಯಾದ ವಾರದಲ್ಲೇ ಗೊತ್ತಾಗಿತ್ತು. ನಾನು ತಂದ ಪರದೆ ನೆಲ ಗುಡಿಸುತ್ತದೆ, ನಾನು ಹೊಲಿಸಿದ ಪ್ಯಾಂಟು ಮಳೆಗಾಲಕ್ಕೆಂದೇ ಹೊಲಿಸಿದ ಹಾಗಿರುತ್ತದೆ. ಚಿಕ್ಕಲಸಂದ್ರದ ನಮ್ಮ ಅಡುಗೆಮನೆಯಲ್ಲಿ ಉಪ್ಪು, ಸಾರಿನಪುಡಿಗೆಂದು ಖುದ್ದು ನಿಂತು ಹಾಕಿಸಿದ ಶೆಲ್ಫು ಸೂರಿಗೆ ಎಷ್ಟು ಹತ್ತಿರವಿದೆಯೆಂದರೆ, ಸುಮಿತ್ರಾ ಇಪ್ಪತ್ತು ವರ್ಷದಿಂದ ಸ್ಟೂಲು ಹತ್ತಿಯೇ ಉಪ್ಪು ತೆಗೆಯುತ್ತಾಳೆ. ಸಾರು ಸಪ್ಪೆಯಾಗಿದೆ ಎಂದು ಹೇಳುವ ಧೈರ್ಯ ನನಗೆ ಇದುವರೆಗೆ ಬಂದಿಲ್ಲ.

ಇಂಥ ನನಗೆ ನಮ್ಮ ಏರಿಯಾದ ಬ್ಯಾಸ್ಕೆಟ್‌ಬಾಲ್ ತಂಡದ ಇತಿಹಾಸ ಬರೆಯಲು ಹೇಳಿದರು. ಬಡಾವಣೆಯ ಸಂಘದ ಮೀಟಿಂಗುಗಳ ನಡಾವಳಿ ಬರೆಯುವವನು ನಾನೇ ಆದ್ದರಿಂದ, ಇಲ್ಲಿಯ ಮಟ್ಟಿಗೆ ನಾನೇ ಸಾಹಿತಿ. ತಂಡವೂ ಸಾಮಾನ್ಯದ್ದಲ್ಲ. ಒಂದು ಕಂಪನಿ ಅದನ್ನು ಕೊಂಡು, ಆಟಗಾರರಿಗೆ ಸಂಬಳ ಕೊಟ್ಟು, ವೃತ್ತಿಪರ ಲೀಗಿನಲ್ಲಿ ಆಡಿಸುತ್ತಿದೆ. ಮೂರು ಸಲ ಕಪ್ಪು ಗೆದ್ದಿದೆ. ಸ್ಮರಣ ಸಂಚಿಕೆಗೆ ಅದರ ಹುಟ್ಟಿನ ಕಥೆ ಬೇಕಿತ್ತು. ಹೆದರಿಕೆಯಾದದ್ದು ಅಲ್ಲಿಯೇ. ಆ ಹುಟ್ಟಿನಲ್ಲಿ ನನ್ನದೂ ಒಂದು ಕೈಯಿತ್ತು, ಆ ಕೈಯಲ್ಲಿ ಟೇಪಿತ್ತು.

ವಸಂತಪುರದ ಕಡೆ ಮುನಿರಾಜು ಎಂಬುವರ ರಾಗಿ ಕಣವಿತ್ತು. ಹೊಲವೆಲ್ಲ ಮನೆಗಳಾದ ಮೇಲೂ ಅಪ್ಪನ ನೆನಪಿಗೆಂದು ಅವರು ಆ ಕಣವನ್ನು ಮಾರಲಿಲ್ಲ. ಸಾಯಂಕಾಲ ಹುಡುಗರು ಆಡಿಕೊಳ್ಳಲಿ ಎಂದು ಅಲ್ಲೊಂದು ಕಂಬ ನೆಡಿಸಿದರು. ರಿಂಗ್ ನೆಲದಿಂದ ಹತ್ತು ಅಡಿ ಮೇಲಿರಬೇಕು. ವೆಲ್ಡಿಂಗಿನವನು ಏಣಿ ಹತ್ತಿ ಟೇಪಿನ ಒಂದು ತುದಿ ಹಿಡಿದ. ಇನ್ನೊಂದು ತುದಿಯನ್ನು ಕೆಳಗೆ ಕಾಲಲ್ಲಿ ಒತ್ತಿ ನಿಲ್ಲುವ ಕೆಲಸ ನನ್ನದು. ಹಿಂದಿನ ದಿನ ಮಳೆ ಬಂದು ಕಣ ಕೆಸರಾಗಿತ್ತು, ನನ್ನ ಚಪ್ಪಲಿ ಹೊಸದು. ಕಂಬಕ್ಕೆ ಅಂಟಿಕೊಂಡೇ ಇದ್ದ ಕಲ್ಲುಕಟ್ಟೆಯ ಮೇಲೆ ನಿಂತುಬಿಟ್ಟೆ. "ಹತ್ತು ಬಂತಾ ಸಾರ್?" ಎಂದ. "ಬಂತು, ಹೊಡಿ ಗುರು!" ಎಂದೆ. ಕಟ್ಟೆಯ ಎತ್ತರ ಒಂದೂಕಾಲು ಅಡಿ.

ಮೂರು ವರ್ಷ ಆ ಹುಡುಗರು ಹನ್ನೊಂದೂಕಾಲು ಅಡಿಯ ರಿಂಗಿಗೆ ಎಗರಿದರು. ಚೆಂಡು ಒಳಗೆ ಹೋಗದಿದ್ದಾಗ ತಮ್ಮ ತೋಳನ್ನೇ ಬೈದುಕೊಂಡರು, ಮೊಟ್ಟೆ ತಿಂದರು. ಮೊದಲ ಟೂರ್ನಿಗೆಂದು ಜಯನಗರಕ್ಕೆ ಹೋದ ದಿನ, ಬಿಟಿಎಂನಲ್ಲಿ ಬಾಡಿಗೆಗಿದ್ದ ನಮ್ಮ ಕ್ಯಾಪ್ಟನ್, ಬಾಗಲಕೋಟೆಯ ಬಸವರಾಜ, ಅಲ್ಲಿನ ರಿಂಗ್ ನೋಡಿ "ಇದೇನ್ರೀ ಸರ್, ಸಣ್ಣ ಹುಡುಗರಿಗಿ ಕಟ್ಯಾರೇನು?" ಎಂದ. ಮೊದಲೆರಡು ಚೆಂಡು ಬೋರ್ಡಿನ ಮೇಲಿಂದ ಹಾರಿ ಹೋದವು. ಆಮೇಲೆ ನಮ್ಮನ್ನು ಹಿಡಿಯುವವರಿರಲಿಲ್ಲ.

ವಿಷಯ ಹೊಳೆದದ್ದು ನನಗೂ ಮುನಿರಾಜು ಅವರಿಗೂ ಮಾತ್ರ. ಒಂದು ಬೆಳಗ್ಗೆ ಇಬ್ಬರೂ ಹೋಗಿ ಅಳೆದೆವು. ಟೇಪು ಹಿಡಿದವರು ಅವರು. ಆಮೇಲೆ ನಾವು ಅದನ್ನು ಯಾರಿಗೂ ಹೇಳಲಿಲ್ಲ, ರಿಂಗನ್ನು ಇಳಿಸಲೂ ಇಲ್ಲ. ಈಗ ಇತಿಹಾಸಕ್ಕೆಂದು ಕೂತಾಗ ಮೊದಲು ಬರೆದದ್ದು "ಸಂಸ್ಥಾಪಕರ ದೂರದೃಷ್ಟಿಯಿಂದ ರಿಂಗ್ ಎತ್ತರವಾಯಿತು" ಎಂದು; ಸಂಸ್ಥಾಪಕರಲ್ಲಿ ನಾನೂ ಒಬ್ಬ. ಬರೆದು ಎರಡು ದಿನ ಸುಖವಾಗಿದ್ದೆ. ಮೂರನೆಯ ದಿನ ನಾಚಿಕೆಯಾಯಿತು. ಪಾಪ, ಮೂರು ವರ್ಷ ತಮ್ಮನ್ನೇ ಬೈದುಕೊಂಡ ಹುಡುಗರ ಬೆವರನ್ನು ನನ್ನ ಹೆಸರಿಗೆ ಬರೆದುಕೊಳ್ಳುವುದೇ? ಮುನಿರಾಜು ಅವರನ್ನು ಕೇಳಿದೆ. "ಇದ್ದಿದ್ದು ಇದ್ದಂಗೆ ಬರೀರಿ ಸಾರ್, ನಗ್ತಾರೆ, ನಕ್ಕೊಳ್ಲಿ" ಎಂದರು. ಕೆಸರು, ಚಪ್ಪಲಿ, ಕಟ್ಟೆ ಎಲ್ಲವನ್ನೂ ಬರೆದುಕೊಟ್ಟೆ. ಹೆಸರು ಹೋದರೂ ಮನಸ್ಸು ಹಗುರವಾಯಿತು.

ಸಂಚಿಕೆ ಬಿಡುಗಡೆ ಜೆ.ಪಿ. ನಗರದ ಒಂದು ಸಭಾಂಗಣದಲ್ಲಿ ನಡೆಯಿತು. ಬಸವರಾಜ ಮೈಕು ಹಿಡಿದ. "ಸರ್ ಭಾಳ ದೊಡ್ಡ ಮನಸ್ಸಿನವರು. ಬೇಕಂತನ ರಿಂಗ್ ಎತ್ತರ ಕಟ್ಟಿಸಿ ನಮ್ಮನ್ನ ತಯಾರ್ ಮಾಡಿ, ತಪ್ಪಾತು ಅಂತ ಬರದಾರ. ಇಂಥಾ ವಿನಯ ಎಲ್ಲೈತ್ರಿ?" ಇಡೀ ಸಭೆ ಎದ್ದು ಚಪ್ಪಾಳೆ ಹೊಡೆಯಿತು. ನಾನು ಎದ್ದು ಅಲ್ಲ ಎನ್ನಬೇಕಿತ್ತು. ಎದ್ದೆ ನಿಜ, ಆದರೆ ಕೈಮುಗಿದೆ. ಮೊಣಕಾಲೆತ್ತರದ ಒಂದು ಬೆಳ್ಳಿಬಣ್ಣದ ಕಪ್ಪು ಕೊಟ್ಟರು. ಅಪ್ಪಿಕೊಂಡು ಇಳಿದೆ. ಸುಳ್ಳು ಏಕೆ ಹೇಳಲಿ, ಖುಷಿಯಾಯಿತು.

ಸುಮಿತ್ರಾ ಜೊತೆ ಆಟೋದಲ್ಲಿ ಚಿಕ್ಕಲಸಂದ್ರಕ್ಕೆ ಬಂದೆ. ಮನೆಯ ಬಾಗಿಲು ತೆಗೆಯುತ್ತಾ, "ಅವರು ಎಗರಿದ್ದು ಮೂರೇ ವರ್ಷ. ನಾನು ಇಪ್ಪತ್ತು ವರ್ಷದಿಂದ ಎಗರ್ತಾ ಇದ್ದೀನಿ. ನನ್ನ ಕಪ್ಪೆಲ್ಲಿ?" ಎಂದಳು. ತಕ್ಷಣ ಕಪ್ಪನ್ನು ಅವಳ ಕೈಗಿಟ್ಟೆ. ಅವಳು ಅದನ್ನು ವಾಪಸು ಕೊಟ್ಟು, "ಶೆಲ್ಫ್ ಮೇಲಿಡಿ, ನೀವೇ ಹತ್ತಿ" ಎಂದಳು. ಹತ್ತಿದೆ. ಶೆಲ್ಫಿಗೂ ಸೂರಿಗೂ ನಡುವೆ ಕಪ್ಪು ಹಿಡಿಸಲಿಲ್ಲ. ನಡುಮನೆಯಲ್ಲಿ ಸರಿಯಾದ ಜಾಗ ಕಾಣದೆ, ಕೊನೆಗೆ ಸ್ಟೂಲನ್ನೇ ಅಲ್ಲಿಗೆ ಒಯ್ದು ಅದರ ಮೇಲಿಟ್ಟೆ; ಬಂದವರಿಗೆಲ್ಲ ಚೆನ್ನಾಗಿ ಕಾಣುತ್ತಿತ್ತು.

ಮರುದಿನ ಸಾರಿನಲ್ಲಿ ಉಪ್ಪೇ ಇರಲಿಲ್ಲ. ಎರಡು ಸಲ ಹಾಕಿಸಿಕೊಂಡು ಉಂಡೆ.