ಚರ್ಚಿನ ಕೀಲಿ ಇದ್ದದ್ದು ಅಜ್ಜಿಯ ಮನೆಯಲ್ಲಿ

ನಗಬಾರದ ಜಾಗದಲ್ಲೇ ನಗು ಜಾಸ್ತಿ ಬರುತ್ತದೆ. ಇಳಕಲ್ಲಿನ ನಮ್ಮ ಓಣಿಯ ಸಣ್ಣ ಚರ್ಚಿನಲ್ಲಿ ನಾನು ಗಂಟೆ ಬಾರಿಸುವವನು. ಸಾಲಿ ಮಾಸ್ತರಿಕೆಯಿಂದ ನಿವೃತ್ತನಾದೆ, ಗಂಟೆಯಿಂದ ಆಗಲಿಲ್ಲ. ನಾನು ಜೀವನದಲ್ಲಿ ನಕ್ಕದ್ದರಲ್ಲಿ ಮುಕ್ಕಾಲು ಪಾಲು ಅಲ್ಲೇ, ಅದೂ ಎದುರು ಮನೆಯ ನೇಕಾರ ಅಜ್ಜಿ ಇದ್ದಷ್ಟು ದಿನ. ಅಜ್ಜಿ ಹೋಗಿ ನಾಲ್ಕು ವರ್ಷವಾಯಿತು. ಗಂಟೆಯ ಹಗ್ಗ ಬಿಡುವಾಗ ಈಗಲೂ ಅವಳು ಕೂರುತ್ತಿದ್ದ ಕಿಟಕಿಯ ಕಡೆ ನೋಡುತ್ತೇನೆ.

ಕಾಯಿ

ಅಜ್ಜಿ ಕೊರಳಲ್ಲಿ ಲಿಂಗ ಕಟ್ಟಿದವಳು. ಅವಳ ಮೊಮ್ಮಗಳಿಗೆ ಜ್ವರ ಬಂದಾಗ ನಮ್ಮ ಪಾಸ್ಟರು ಪ್ರಾರ್ಥನೆ ಮಾಡಿದ್ದರು, ಜ್ವರ ಇಳಿದಿತ್ತು. ಮುಂದಿನ ಭಾನುವಾರ ನಾವೆಲ್ಲ ಕಣ್ಣು ಮುಚ್ಚಿ ಕೂತಿದ್ದಾಗ ಬಾಗಿಲಲ್ಲಿ 'ಠಪ್' ಎಂದು ಸದ್ದಾಯಿತು. ಅಜ್ಜಿ ಮೆಟ್ಟಿಲಿಗೆ ತೆಂಗಿನಕಾಯಿ ಒಡೆದಿದ್ದಳು. ಎರಡೂ ಹೋಳು ಹಿಡಿದು ನೆಟ್ಟಗೆ ಪಾಸ್ಟರ ಮುಂದೆ ಬಂದು ನಿಂತಳು.

"ಅರ್ಧ ದೇವರಿಗೆ ಇಟ್ಕೊಳ್ರಿ, ಅರ್ಧ ನನಗ ಕೊಡ್ರಿ."

ಹಿಂದಿನಿಂದ ಯಾರೋ, "ನಮ್ಮಲ್ಲಿ ಕಾಯಿ ಒಡಿಯೂದಿಲ್ಲವ್ವಾ," ಅಂದರು.

"ಒಡದಾತಲ್ಲ," ಅಂದಳು ಅಜ್ಜಿ.

ಪಾಸ್ಟರು ಒಂದು ಹೋಳು ಅವಳಿಗೆ ಮರಳಿಸಿ, ಇನ್ನೊಂದನ್ನು ಬೆಲ್ಲದ ಜೊತೆ ಮಕ್ಕಳಿಗೆ ಹಂಚಿಸಿದರು. ಅಲ್ಲಿಂದ ಮುಂದೆ ಎಷ್ಟೋ ವಾರ ಮಕ್ಕಳು ಕಣ್ಣು ಮುಚ್ಚಿದರೂ ಕಿವಿ ಬಾಗಿಲ ಕಡೆಗೇ ಇರುತ್ತಿತ್ತು.

ಕರದಂಟು

ಆಮೇಲೆ ಅಜ್ಜಿ ಪ್ರತಿ ಭಾನುವಾರ ಬರತೊಡಗಿದಳು. ಕಿಟಕಿಯ ಪಕ್ಕ ಅವಳ ಜಾಗ. ಕಾವಲುಗಾರ ಇಲ್ಲದ ನಮ್ಮ ಚರ್ಚಿನ ಕೀಲಿಯೂ ಅವಳ ಮನೆಯ ಮೊಳೆಗೆ ಬಂತು.

ಕ್ರಿಸ್‌ಮಸ್‌ ಹತ್ತಿರ ಬಂದಾಗ ನಾವು ಹಾಡುತ್ತ ಮನೆಮನೆಗೆ ಹೋಗುತ್ತಿದ್ದೆವು. ಮನೆಮನೆಗೆ ಅಂದರೆ ನಮ್ಮ ನಮ್ಮ ಮನೆಗಳಿಗೆ. ಒಂದು ಸಂಜೆ ಅಜ್ಜಿ ಅಡ್ಡ ನಿಂತಳು.

"ದಾಟಿ ಹೊಂಟೀರಿ? ನಮ್ಮನಿ ಏನ್ ತಪ್ಪು ಮಾಡೈತಿ?"

ಅವಳ ಅಂಗಳದಲ್ಲಿ ಹಾಡಿದೆವು. ಅದನ್ನು ಕಂಡು ಪಕ್ಕದ ಟೇಲರ್ ಸಾಹೇಬರು ಕರೆದರು, ಆಚೆಯ ಕಿರಾಣಿಯವರು ಕರೆದರು. ಒಂದು ಕಡೆ ಮಂಡಕ್ಕಿ ಮಿರ್ಚಿ, ಇನ್ನೊಂದು ಕಡೆ ಅಮೀನಗಡದ ಕರದಂಟು. ಕೊನೆಯ ಮನೆ ಬರುವಷ್ಟರಲ್ಲಿ ನಮ್ಮ ಮುಖ್ಯ ಹಾಡುಗಾರರ ಹಲ್ಲು ಕರದಂಟಿಗೆ ಅಂಟಿತ್ತು. ಯೇಸು ಹುಟ್ಟಿದ ಸುದ್ದಿಯನ್ನು ನಮ್ಮ ಹಿಂದೆಯೇ ಬಂದಿದ್ದ ಟೇಲರ್ ಸಾಹೇಬರು ಹಾಡಿ ಮುಗಿಸಿದರು.

ಚೀಟಿ

ಆಮೇಲೊಬ್ಬ ಹೊಸ ಸೆಕ್ರೆಟರಿ ಬಂದರು. ಶಿಸ್ತಿನ ಮನುಷ್ಯ. ಸಭೆಯ ಸದಸ್ಯರಿಗೆ ಒಂದೊಂದು ಕುರ್ಚಿ, ಕುರ್ಚಿಗೊಂದು ಹೆಸರಿನ ಚೀಟಿ ಎಂದು ಗೊತ್ತು ಮಾಡಿದರು. ಅಕ್ಷರ ದುಂಡಗಿವೆ ಎಂದು ಬರೆಯುವ ಕೆಲಸ ನನಗೇ ಬಂತು. ಸದಸ್ಯಳಲ್ಲದ ಅಜ್ಜಿಯ ಹೆಸರು ಪಟ್ಟಿಯಲ್ಲಿರಲಿಲ್ಲ, ಆದರೂ ಸುಮ್ಮನೆ ಬರೆದುಕೊಟ್ಟೆ.

ಭಾನುವಾರ ಅಜ್ಜಿ ಬಂದು ಕಿಟಕಿಯ ಪಕ್ಕದ ಕುರ್ಚಿ ನೋಡಿದಳು. "ಏನ್ ಬರದೈತ್ರಿ ಮಾಸ್ತರ?"

"ಸೆಕ್ರೆಟರಿ ಅವರ ಹೆಸರು."

"ಬರದಾವ್ರು ಯಾರು?"

"ನಾನ."

"ಅಕ್ಷರ ಭಾಳ ಚಂದ ಅದಾವ," ಎಂದು ಮನೆಗೆ ಹೊರಟುಹೋದಳು. ಯಾರ ಬೈಗುಳದಿಂದಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಮುಂದಿನ ವಾರ ಎಂದಿನಂತೆ ಕೀಲಿ ಕೇಳಲು ಹೋದೆ. "ನಾ ಒಳಗ ಬರಾಂಗಿಲ್ಲ ಅಂದ್ರ ಕೀಲಿನೂ ಬರಾಂಗಿಲ್ಲ," ಅಂದಳು. ನಾನು ಖುಷಿಯಿಂದಲೇ ಬರಿಗೈಲಿ ಬಂದು ಸೆಕ್ರೆಟರಿಗೆ, "ನೀವ ಹೋಗಿ ಕೇಳ್ರಿ," ಅಂದೆ. ಅವರು ಹೊರಟರು, ಇಡೀ ಸಭೆ ಅವರ ಬೆನ್ನಿಗೆ.

ಅಜ್ಜಿ ಬಾಗಿಲಿಗೆ ಬಂದಳು. "ಹೊರಗ್ಯಾಕ ನಿಂತೀರಿ? ಒಳಗ ಬರ್ರಿ."

ಪಾಸ್ಟರಿಗೆ ಎಲ್ಲ ತಿಳಿಯಿತು. "ಇವತ್ತು ಇಲ್ಲೇ ಪ್ರಾರ್ಥನಾ ಮಾಡೂಣು," ಎಂದು ಬೈಬಲ್ ಹಿಡಿದು ಬಸವಣ್ಣನ ಫೋಟೋದ ಕೆಳಗೆ ನಿಂತರು. ಪಡಸಾಲೆ ತುಂಬಿಹೋಯಿತು. ಸೆಕ್ರೆಟರಿಗೆ ಉಳಿದದ್ದು ಮಗ್ಗದ ಮುಂದೆ ನೇಕಾರರು ಕಾಲು ಇಳಿಬಿಟ್ಟು ಕೂರುವ ಕುಣಿಯೊಂದೇ. ಇಸ್ತ್ರಿ ಪ್ಯಾಂಟು ಹಾಕಿಕೊಂಡ ಅವರು ಅದರ ಅಂಚಿನಲ್ಲಿ ಅತ್ತಿತ್ತ ನೋಡುತ್ತ ನಿಂತರು.

"ಇಳಿಬಿಟ್ಟು ಆರಾಮ ಕುಂದರ್ರಿ ಸೆಕ್ರೆಟ್ರಿ ಅವ್ರ," ಅಂದಳು ಅಜ್ಜಿ. "ನಮ್ಮ ಮನ್ಯಾಗ ಯಾವ ಜಾಗಾಕ್ಕೂ ಚೀಟಿ ಹಚ್ಚಿಲ್ಲ."

ಪಾಸ್ಟರು ಪ್ರಾರ್ಥನೆ ಶುರು ಮಾಡಲು ಮೂರು ಸಲ ನೋಡಿದರು, ನಗು ಬಿಡಲಿಲ್ಲ. ಎಲ್ಲರಿಗಿಂತ ಮೊದಲು ನಕ್ಕವರು ಮಗ್ಗದ ಕುಣಿಯಲ್ಲಿ ಕೂತಿದ್ದ ಸೆಕ್ರೆಟರಿ.