ಮಾಮಾನ ಬಲಗಿವಿ ಮತ್ತು ನನ್ನ ಮೀಸೆ

ನಾನು ಈವರೆಗೆ ಮಾಡಿದ ತಪ್ಪುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಆ ಸಾಲು ಔರಾದಿನಿಂದ ಹೊರಟು, ಭಾಲ್ಕಿ ದಾಟಿ, ಬೀದರ್ ಕೋಟೆಯ ಬಾಗಿಲಿಗೆ ಬಂದು ಮುಟ್ಟುತ್ತದೆ. ಅದರಲ್ಲಿ ಎಲ್ಲಕ್ಕಿಂತ ಮುಂದೆ ಎದೆಯುಬ್ಬಿಸಿ ನಿಂತಿರುವ ತಪ್ಪು ಯಾವುದು ಗೊತ್ತೇ? ನನ್ನ ಸ್ವಂತ ಸೋದರಮಾವನಿಗೆ, ಹುಟ್ಟದೇ ಇದ್ದ ಶಬ್ದವನ್ನು ಕೇಳಿಸಿದ್ದು! ಅದೂ ಡಾಕ್ಟರ ಎದುರಿಗೆ! ಅದೂ ಬರಿಯ ಮೀಸೆಯಿಂದ!

ಮೀಸೆ ಎಂದೆನೆಂದು ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ದೂರದಿಂದ ನೋಡಿದವರು ಚಹಾ ಕುಡಿದು ಬಾಯಿ ಒರೆಸಿಕೊಂಡಿಲ್ಲ ಎಂದುಕೊಳ್ಳುತ್ತಾರೆ, ಅಷ್ಟೇ.

ನಮ್ಮ ಮಾಮಾ ಅಗ್ನಿಶಾಮಕ ದಳದಲ್ಲಿ ಡ್ರೈವರ್. ಭಾಲ್ಕಿ ಸುತ್ತಮುತ್ತ ಎಲ್ಲಿ ಹೊಗೆ ಕಂಡರೂ ಆ ಕೆಂಪು ಗಾಡಿಯನ್ನು ಓಡಿಸಿಕೊಂಡು ಹೋಗುವವನು, ಹೋದಮೇಲೆ ಪಂಪ್ ಚಾಲೂ ಮಾಡಿ ಅದರ ಪಕ್ಕದಲ್ಲೇ ನಿಲ್ಲುವವನು ಅವನೇ. ಇಂಥ ಧೈರ್ಯವಂತ ಇಡೀ ಜಿಲ್ಲೆಯಲ್ಲಿ ಹೆದರುವುದು ಒಂದೇ ವಸ್ತುವಿಗೆ. ಥರ್ಮಾಮೀಟರಿಗೆ! ಉರಿಯುವ ಮನೆಯ ಬಾಗಿಲಿಗೇ ಗಾಡಿ ತಂದು ನಿಲ್ಲಿಸುವ ಮನುಷ್ಯ ದವಾಖಾನೆಯ ಮೆಟ್ಟಿಲು ಕಂಡರೆ ಚಪ್ಪಲಿ ಕಿತ್ತಿದೆಯೆಂದು ವಾಪಸಾಗುತ್ತಾನೆ.

ಅವನ ದಿನಚರಿಯೇ ಬೇರೆ. ಮಂಚದ ಬುಡದಲ್ಲಿ ಬೂಟುಗಳು, ಬೂಟಿನೊಳಗೆ ಕಾಲು ಇಳಿಬಿಟ್ಟ ಪ್ಯಾಂಟು. ಎದ್ದು ಎರಡು ಕಾಲು ತೂರಿಸಿದರೆ ಮಾಮಾ ತಯಾರು. ಠಾಣೆಯಲ್ಲಿ ಸರಿ, ಮನೆಯಲ್ಲೂ ಹೀಗೇ! ಭಾನುವಾರವೂ ಹೀಗೇ! ಅವನ ಹೆಂಡತಿ, ನಮ್ಮ ಅತ್ತಿ, ಸುಮ್ಮನೆ "ಹಾಲು ಉಕ್ಕಿತು!" ಎಂದು ಕೂಗಿದರೂ ಮಾಮಾ ಬೂಟು, ಪ್ಯಾಂಟು ಸಮೇತ ಒಲೆಯ ಮುಂದೆ ಹಾಜರಾಗುತ್ತಿದ್ದ.

ಕಮಲನಗರದಲ್ಲಿ ನಮ್ಮ ಸಂಬಂಧಿಕರ ಮದುವೆ. ಎಲ್ಲರೂ ಊಟದ ಪಂಕ್ತಿ ನೋಡುತ್ತಿದ್ದರೆ ಇವನು ಪೆಂಡಾಲಿನಿಂದ ಹೊರಗೆ ಓಡಲು ಎಷ್ಟು ದಾರಿಗಳಿವೆ ಎಂದು ನೋಡುತ್ತಿದ್ದ. ಅಡಿಗೆಯವರ ಸಿಲಿಂಡರನ್ನು ಎರಡು ಸಲ ಜಾಗ ಬದಲಿಸಿದ. ಮದುಮಗನ ಪಕ್ಕ ಒಂದು ಮರಳಿನ ಬಕೆಟ್ ಇಟ್ಟ. ಫೋಟೋಗಳಲ್ಲಿ ಮದುಮಗಳು ಒಂದು ಕಡೆ, ಬಕೆಟ್ ಒಂದು ಕಡೆ. ಹೋಮದ ಹೊಗೆ ಜರಾ ಮೇಲಕ್ಕೆದ್ದಿತೋ ಇಲ್ಲವೋ, ಮಾಮಾನ ಕೈ ನೀರಿನ ಕೊಡಕ್ಕೆ ಹೋಯಿತು. ಭಟ್ಟರು ಮಂತ್ರ ನಿಲ್ಲಿಸಿ ಕೈ ಮುಗಿದರು: "ಸಾಹೇಬ್ರ, ನಿಮ್ ಕಾಲ್ ಬೀಳ್ತೇನಿ, ಇದು ನಾನs ಹಚ್ಚಿದ್ ಬೆಂಕಿ ಅದರಿ!"

ಮೈಗೆ ಏನೇ ಆದರೂ ಅವನದು ಒಂದೇ ವಾದ. "ಗಾಡಿ ಸ್ಟಾರ್ಟ್ ಆಗ್ಲತ್ತದಂದ್ರ ಬಾನೆಟ್ ಯಾಕ ತೆಗೀಬೇಕು?"

ಅತ್ತಿ ಬಿಡುವವಳೇ? "ಆ ಗಾಡಿ ಬಾನೆಟ್ ದಿನಾ ಮುಂಜಾನೆ ತೆಗೀತೀರಿ, ಒರಸ್ತೀರಿ, ಎಣ್ಣಿ ನೋಡ್ತೀರಿ. ನಿಮ್ ಬಾನೆಟ್ ತೆಗದು ಎಷ್ಟ ವರ್ಷಾತು, ಹೇಳ್ರಿ ನೋಡೋಣ?"

ಮಾಮಾ ಹೇಳಲಿಲ್ಲ. ಏಕೆಂದರೆ ಕೇಳಿಸಿರಲಿಲ್ಲ! ಅತ್ತಿ ಅವನ ಬಲಗಡೆ ನಿಂತಿದ್ದಳು. ಒಂದೆರಡು ವರ್ಷದಿಂದ ಅವನ ಬಲಗಿವಿ ರಜೆಯ ಮೇಲಿದೆ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ಅವನ ಇಲಾಖೆಗೆ ಮಾತ್ರ.

ಇನ್ನು ನನ್ನ ವಿಷಯ. ನಾನು ಪ್ಯಾರಾಮೆಡಿಕಲ್ ಕೋರ್ಸಿನ ಪರೀಕ್ಷೆಯನ್ನು ಮೂರು ಸಲ ಬರೆದು ಒಂದು ಸಲ ಪಾಸಾದವನು. ಬೀದರಿನಲ್ಲಿ ಪೊಲೀಸರು, ಅಗ್ನಿಶಾಮಕದವರು, ಆಂಬ್ಯುಲೆನ್ಸ್ ಡ್ರೈವರುಗಳು, ಇವರಿಗೆಲ್ಲ ಮೂರು ದಿನದ ಆರೋಗ್ಯ ತಪಾಸಣೆ ಇಟ್ಟಿದ್ದರು. ನನ್ನನ್ನೂ ಸಹಾಯಕನಾಗಿ ತೆಗೆದುಕೊಂಡರು. ಮೊದಲನೇ ದಿನ ತೂಕದ ಯಂತ್ರದ ಹತ್ತಿರ ನಿಲ್ಲಿಸಿದರು. ನಾನು ಎಷ್ಟು ಶ್ರದ್ಧೆಯಿಂದ ಬಗ್ಗಿ ಅಂಕಿ ಓದುತ್ತಿದ್ದೆನೆಂದರೆ, ನನ್ನ ಒಂದು ಕಾಲು ಯಂತ್ರದ ಮೇಲಿರುವುದು ನನಗೇ ತಿಳಿಯಲಿಲ್ಲ. ಮಧ್ಯಾಹ್ನದೊಳಗೆ ಪೊಲೀಸರೆಲ್ಲ ಹತ್ತತ್ತು ಕೆ.ಜಿ. ಏರಿದರು! ಒಬ್ಬ ಹವಾಲ್ದಾರರು ಪಾಪ, ಕೈಯಲ್ಲಿದ್ದ ಸಮೋಸಾ ಪಕ್ಕದವರಿಗೆ ಕೊಟ್ಟು ಕಣ್ಣು ಒರೆಸಿಕೊಂಡರು.

ಸಂಜೆ ಡಾಕ್ಟರ್ ಮೇಡಂ ನನ್ನನ್ನು ಕರೆದರು. "ನಾಳಿಗಿ ನೀ ಕಿವಿ ಪರೀಕ್ಷೆ ಖೋಲ್ಯಾಗ ಇರು. ಬಂದವ್ರ ಮುಂದ ನಿಂದ್ರು. ಅವ್ರು ಕೈ ಎತ್ತಿದ್ರ ನನಗ ಹೇಳು. ಯಾವ್ದಕ್ಕೂ ಕೈ ಹಚ್ಚಬ್ಯಾಡ. ಕಾಲಂತೂ ಹಚ್ಚಲೇಬ್ಯಾಡ."

ಇದನ್ನು ರಾತ್ರಿ ಭಾಲ್ಕಿಗೆ, ಮಾಮಾನ ಮನೆಗೆ ಬಂದು ಬಡ್ತಿ ಸಿಕ್ಕವನಂತೆ ಹೇಳಿಕೊಂಡೆ. ಮಾಮಾ ಊಟ ಬಿಟ್ಟು ನನ್ನನ್ನೇ ನೋಡಿದ. ಮರುದಿನ ಅವನದೇ ಸರದಿಯಿತ್ತು. ಕೈ ತೊಳೆದವನೇ ನನ್ನನ್ನು ಅಂಗಳಕ್ಕೆ ಎಳೆದುಕೊಂಡು ಹೋದ.

"ಅಳಿಯಾ, ಕಿವಿ ಫೇಲ್ ಆದ್ರ ನನ್ನ ಗಾಡಿ ಮ್ಯಾಲಿಂದ ಇಳಸ್ತಾರ. ಠಾಣ್ಯಾಗ ಫೋನ್ ಎತ್ಲಿಕ್ಕ ಕೂಡಸ್ತಾರ."

ಕಿವಿ ಕೇಳದವನನ್ನು ಫೋನಿಗೆ ಕೂರಿಸಿದರೆ ಊರಿನ ಗತಿ ಏನು? ನನಗೆ ಗಾಬರಿಯಾಯಿತು. "ನಾ ಏನ್ ಮಾಡ್ಲಿ ಮಾಮಾ?"

"ಸೌಂಡ್ ಬಂದಾಗ ನೀ ಮೀಸಿ ಮುಟ್ಟಕೋ. ನಾ ಕೈ ಎತ್ತತೇನಿ. ಖೇಲ್ ಖತಂ."

ಇದು ಮೋಸ ಎಂದು ಹೇಳಬೇಕಿತ್ತು. ಆದರೆ ಮಾಮಾ ಆ ಗಾಡಿಯ ಸ್ಟೇರಿಂಗ್ ಹಿಡಿದು ಕೂತಾಗ ಅವನ ಮುಖ ನೋಡಿದ್ದೀರಾ? ನಾನು ನೋಡಿದ್ದೇನೆ. ಒಪ್ಪಿಕೊಂಡೆ.

ಕಿವಿ ಪರೀಕ್ಷೆಯ ಖೋಲಿ ಹೀಗಿತ್ತು. ನಡುವೆ ಕುರ್ಚಿ, ಅದರ ಮೇಲೆ ಹೆಡ್‌ಫೋನ್ ಹಾಕಿಕೊಂಡ ಮಾಮಾ. ಅವನ ಬೆನ್ನ ಹಿಂದೆ ಯಂತ್ರ ಇಟ್ಟುಕೊಂಡು ಮೇಡಂ. ಅವನ ಎದುರಿಗೆ ನಾನು. ಮೇಡಂ ಗುಂಡಿ ಒತ್ತಿದಾಗ ಯಂತ್ರದ ಮೇಲೆ ಸಣ್ಣ ದೀಪ ಹತ್ತುತ್ತಿತ್ತು. ಅದು ನನಗೆ ಕಾಣುತ್ತಿತ್ತು, ಮಾಮಾನಿಗೆ ಕಾಣುತ್ತಿರಲಿಲ್ಲ. ದೀಪ ಹತ್ತಿತು, ನಾನು ಮೀಸೆ ಮುಟ್ಟಿದೆ, ಮಾಮಾ ಟ್ರಾಫಿಕ್ ನಿಲ್ಲಿಸುವವನಂತೆ ಕೈ ಎತ್ತಿದ. ಮತ್ತೆ ದೀಪ, ಮತ್ತೆ ಮೀಸೆ, ಮತ್ತೆ ಕೈ. ವ್ಹಾ! ನನ್ನ ಬುದ್ಧಿಗೆ ನಾನೇ ಮನಸ್ಸಿನಲ್ಲಿ ಹಾರ ಹಾಕಿಕೊಂಡೆ.

ಆದರೆ ಒಂದು ಮಾತು ನಾವಿಬ್ಬರೂ ಯೋಚಿಸಿರಲಿಲ್ಲ. ಕಿವಿ ಪರೀಕ್ಷೆಗೆ ಸದ್ದಾಗಬಾರದು, ಅದಕ್ಕೆ ಫ್ಯಾನ್ ಬಂದ್! ಕಿಟಕಿ ಬಂದ್! ಹೊರಗೆ ಬೀದರಿನ ಬೇಸಿಗೆ! ನನ್ನ ಹಣೆಯಿಂದ ಬೆವರು ಹೊರಟು, ಮೂಗಿನ ಪಕ್ಕ ಇಳಿದು, ಸೀದಾ ಮೀಸೆಗೆ ಬಂದು ಕೂತಿತು. ಒರೆಸಿಕೊಂಡೆ. ಮಾಮಾ ಕೈ ಎತ್ತಿದ. ಅಯ್ಯೋ, ಇದಲ್ಲ ಎಂದು ತಲೆಯಾಡಿಸಿದೆ. ತಲೆಯಾಡಿಸಿದ್ದಕ್ಕೆ ಇನ್ನೆರಡು ಹನಿ ಇಳಿದವು. ಒರೆಸಿಕೊಂಡೆ. ಮಾಮಾ ಈ ಸಲ ಎರಡೂ ಕೈ ಎತ್ತಿದ!

ಮೇಡಂ ಯಂತ್ರದ ಹಿಂದೆ ಒಮ್ಮೆ ಬಗ್ಗಿ ಎದ್ದರು. ನಾನು ಮಾತ್ರ ಬೆವರುತ್ತಲೇ ಇದ್ದೆ, ಒರೆಸುತ್ತಲೇ ಇದ್ದೆ. ಮಾಮಾ ಕೈ ಎತ್ತುತ್ತಲೇ ಇದ್ದ. ಸ್ವಲ್ಪ ಹೊತ್ತಾದ ಮೇಲೆ ಮೇಡಂ ಎದ್ದು ಬಂದು ಅವನ ಮುಂದೆ ನಿಂತು ಹೆಡ್‌ಫೋನ್ ತೆಗೆದರು.

"ಕಾಕಾರ, ಭಾರಿ ಕಿವಿ ಅದರಿ ನಿಮ್ದು."

"ನಿಮ್ ಆಶೀರ್ವಾದ ರೀ ಮೇಡಮ್ರ," ಎಂದ ಮಾಮಾ ಹಿಗ್ಗಿ.

"ವೈರ್ ಕಿತ್ತು ಐದ್ ನಿಮಿಷಾತ್ರಿ," ಎಂದು ಅವರು ಅಂಗೈ ತೆರೆದು ತೋರಿಸಿದರು. ವೈರಿನ ತುದಿ ಅಲ್ಲಿತ್ತು.

ನನ್ನನ್ನು ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ಶಾಲೆಯ ಒಂದನೇ ಇಯತ್ತೆಯ ನಂತರ ಇದೇ ಮೊದಲು! ಪರೀಕ್ಷೆ ಮತ್ತೆ ನಡೆಯಿತು. ನಾನು ಗೋಡೆಯ ಸುಣ್ಣ ನೋಡುತ್ತ ನಿಂತೆ. ಬಹಳ ಹೊತ್ತು ಮಾಮಾನ ಅಂಗಿಯ ಸಪ್ಪಳವೇ ಬರಲಿಲ್ಲ. ಕೈ ಮೇಲೇಳುತ್ತಿಲ್ಲ ಎಂದು ತಿರುಗಿ ನೋಡದೆಯೇ ಗೊತ್ತಾಯಿತು. ಆಗ ಮಾತ್ರ ನನಗೆ ನಗು ಬರಲಿಲ್ಲ.

ಮೇಡಂ ಅವನ ಎಡಗಡೆಗೆ ಕುರ್ಚಿ ಎಳೆದುಕೊಂಡು ಕೂತರು. "ಬಲಗಿವಿ ಭಾಳ ಹೋಗ್ಯದ ಕಾಕಾರ. ಎಡಗಿವಿನೂ ಶುರು ಆಗ್ಯದ. ಸೈರನ್, ಪಂಪು, ಇಷ್ಟ ವರ್ಷ ಅದರ ಬಾಜೂಕ ನಿಂತೀರಿ. ಕಿವಿಗಿ ಏನೂ ಹಾಕ್ಕೊತಿದ್ದಿಲ್ಲೇನ್ರಿ?"

"ಹಾಕ್ಕೊಂಡ್ರ ಪೈಪ್ ಹಿಡದವ್ರು ಒದರಿದ್ದು ಕೇಳಸಂಗಿಲ್ಲಲ್ರಿ."

"ಈಗ ಕೇಳಸ್ಲತ್ತದೇನ್ರಿ?"

ಮಾಮಾ ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತ ಕೂತ. ಮೇಡಂ ಬರೆದರು: ಕಿವಿಗೆ ಮಷೀನ್ ಹಾಕಿಸಬೇಕು, ಗಾಡಿ ಓಡಿಸಬಾರದು, ಹೊಸಬರಿಗೆ ಕಲಿಸುವ ಕೆಲಸ ಕೊಡಬಹುದು. ನನಗೇನೂ ಬರೆಯಲಿಲ್ಲ. ಬಾಯಲ್ಲೇ ಹೇಳಿದರು, ನಾಳೆ ಬರಬೇಡ ಎಂದು. ಮೂರು ದಿನದ ಕೆಲಸ ಎರಡೇ ದಿನಕ್ಕೆ ಮುಗಿಸಿದವನು ಆ ಶಿಬಿರದಲ್ಲಿ ನಾನೊಬ್ಬನೇ!

ವಾಪಸು ಬರುವಾಗ ಬೈಕು ನಾನೇ ಓಡಿಸಿದೆ. ಹಿಂದೆ ಕೂತ ಮಾಮಾ ಒಂದು ಸಲವೂ "ಗೇರ್ ಬದಲಸು" ಎನ್ನಲಿಲ್ಲ. ಹಲಬರ್ಗಾದಲ್ಲಿ ಚಹಾಕ್ಕೆ ನಿಲ್ಲಿಸಿದೆ. ಅವನ ಎಡಗಡೆಗೆ ಕೂತು, ಬಯ್ಯಲಿ ಎಂದು ಕಾದೆ. ಕೊನೆಗೆ ನಾನೇ ಅಂದೆ: "ಮಾಮಾ, ನನ್ನಿಂದ ನಿನ್ನ ಗಾಡಿ ಹೋಯ್ತು. ತಪ್ಪಾತು."

ಮಾಮಾ ಚಹಾ ಪೂರ್ತಿ ಕುಡಿದು ಲೋಟ ಕೆಳಗಿಟ್ಟ.

"ಹೋದ್ ತಿಂಗಳು ಮೆಹಕರದಾಗ ಕಣಕಿ ಬಣವಿಗಿ ಬೆಂಕಿ ಹತ್ತಿತ್ತು. ನಾ ಗಾಡಿ ಹಿಂದಕ್ಕ ತಗೊಳ್ಲತ್ತಿದ್ದೆ. ಬಲಗಡಿ ನಮ್ ಠಾಣಾದಂವ ಒಬ್ಬ ಪೈಪ್ ಹಿಡದು ನಿಂತಿದ್ದ. ಹೊಸದಾಗಿ ಮದ್ವಿ ಆದಂವ. ನಿಲ್ಲಸ್ರಿ, ನಿಲ್ಲಸ್ರಿ ಅಂತ ಮೂರ್ ಸಲ ಒದರ್ಯಾನಂತ. ನನಗ ಒಂದೂ ಕೇಳಲಿಲ್ಲ. ಗಾಡಿ ಕನ್ನಡ್ಯಾಗ ಅವನ ಕೈ ಕಂಡಿದ್ದಕ್ಕ ಬ್ರೇಕ್ ಹಾಕ್ದೆ. ಗಾಲಿಗೂ ಅವನ ಕಾಲಿಗೂ ನಡುವ ಒಂದ್ ಗೇಣು ಇತ್ತು. ಅಂವ ಯಾರ ಮುಂದೂ ಹೇಳಲಿಲ್ಲ. ನಾ ಹೇಳಬೇಕಂತ ಸಾಹೇಬ್ರ ಬಾಗಲತನಾ ನಾಕ್ ಸಲ ಹೋಗಿ ಹೊಳ್ಳಿ ಬಂದೀನಿ. ಬಾಯಿಂದ ಬರಲಿಲ್ಲ."

"ಮತ್ತ ನನಗ್ಯಾಕ ಮೀಸಿ ಮುಟ್ಟಕೋ ಅಂದಿ?"

"ಯಾರರ ಶ್ಯಾಣ್ಯಾ ಇದ್ದಂವ ಇದ್ದಿದ್ರ ಪಾಸ್ ಮಾಡಸಿ ಬಿಡ್ತಿದ್ದ," ಎಂದ ಮಾಮಾ. "ಹಿಡದ ಕೆಲಸ ಒಂದೂ ನೆಟ್ಟಗ ಮಾಡದಂವ ನಮ್ ಮನ್ಯಾಗ ನೀ ಒಬ್ಬನs. ನಿನ್ ಮ್ಯಾಲ ನನಗ ಪೂರಾ ಭರೋಸಾ ಇತ್ತು, ಅಳಿಯಾ."